ಬೆಂಡೇಕಾಯಿ ಅಂದರೆ ಬರುವ ಗಾಳಿ

ದಾರಿ ಕೇಳಿಕೊಂಡು ಹೋದವರಿಗೆ ಸಿಗದ, ದಾರಿ ತಪ್ಪಿದವರಿಗೆ ಮಾತ್ರ ಸಿಗುವ ಊರೊಂದಿತ್ತು. ಆ ಊರಿನ ಮೇಲೆ ಆಕಾಶ ಇತ್ತು, ಸೂರ್ಯ ಇದ್ದ, ಮೋಡವೂ ಇತ್ತು. ಗಾಳಿ ಮಾತ್ರ ಇರಲಿಲ್ಲ. ಎಲೆ ಅಲುಗಬೇಕೆಂದರೆ ಯಾರಾದರೂ ಹೋಗಿ ಅಲುಗಿಸಬೇಕು. ಒಲೆಯ ಹೊಗೆ ಕಂಬದ ಹಾಗೆ ನೆಟ್ಟಗೆ ನಿಂತುಬಿಡೋದು. ಅಡುಗೆ ಮುಗಿದ ಮೇಲೆ ಹೆಂಗಸರು ಅದನ್ನು ಪೊರಕೆಯಲ್ಲಿ ಗುಡಿಸಿ ಆಚೆ ಹಾಕುತ್ತಿದ್ದರು.

ಹಾಗಾದರೆ ಆ ಊರಿನ ಗಾಳಿ ಎಲ್ಲಿ ಹೋಗಿತ್ತು ಅಂತೀರಾ? ಗಡಿಗೆಯೊಳಗಿತ್ತು.

ಮನೆಗೊಂದು ಗಾಳಿಗಡಿಗೆ. ಅಟ್ಟದ ಮೇಲೆ ಕೂತಿರುತ್ತಿತ್ತು. ಅದಕ್ಕೆ ಎರಡು ಕೊಂಬು, ಹೊಟ್ಟೆಯ ಮೇಲೆ ಮಿಣುಕುವ ಒಂದು ಹಸಿರು ಚುಕ್ಕಿ. ಪ್ರತಿ ಗಡಿಗೆಗೂ ಒಂದು ಕರೆಮಾತು. ಆ ಮಾತು ಹೇಳಿದರೆ ಗಾಳಿ ಏಳುವುದು. ಮೊದಲು ಕರೆದವರ ಮುಖಕ್ಕೆ ಬಂದು ಸವರುವುದು, ಆಮೇಲೆ ಹೇಳಿದ ಕೆಲಸಕ್ಕೆ ಹೋಗುವುದು. ಬಟ್ಟೆ ಒಣಗಿಸು ಅಂದರೆ ಒಣಗಿಸುವುದು. ಹೊಳೆಯಾಚೆಯ ನೆಂಟರ ಕಿವಿಗೆ ಈ ಮಾತು ಮುಟ್ಟಿಸು ಅಂದರೆ ಮುಟ್ಟಿಸಿ, ಅವರ ಮಾತು ಹೊತ್ತು ತರುವುದು. ಗೋಡೆ ಅಡ್ಡ ಬಂದರೂ ನಿಲ್ಲುವುದಿಲ್ಲ. ಎಲ್ಲಿಗೆ ಹೋದರೂ ತಾನು ಹುಟ್ಟಿದ ಮನೆಯ ವಾಸನೆ ಹೊತ್ತುಕೊಂಡೇ ಹೋಗುವುದು.

ಒಂದೇ ಒಂದು ನಿಯಮ. ಗಡಿಗೆಗೆ ಮುಖ ಗೊತ್ತಿಲ್ಲ, ಮಾತು ಗೊತ್ತು. ಯಜಮಾನ ಕರೆದರೂ ಏಳುತ್ತದೆ, ಕಳ್ಳ ಕರೆದರೂ ಏಳುತ್ತದೆ.

ಇಂಥಾ ಮಾತನ್ನು ಆ ಊರಿನವರು ಎಲ್ಲಿ ಬಚ್ಚಿಡುತ್ತಿದ್ದರು ಗೊತ್ತೇ? ಬಾಗಿಲ ಮುಂದಿನ ರಂಗೋಲಿಯಲ್ಲಿ! ಬೆಳಿಗ್ಗೆ ಎದ್ದು, ಅಂಗಳ ಸಾರಿಸಿ, ನಡುವೆ ತಾವರೆ ಬರೆದು, ತಾವರೆಯ ಹೊಟ್ಟೆಯೊಳಗೆ ದಪ್ಪಕ್ಷರದಲ್ಲಿ ಕರೆಮಾತು ಬರೆಯುವುದು. ಬಂದವರಿಗೆ ತೊಂದರೆ ಆಗಬಾರದಲ್ಲ. ಬರೆಯದವಳನ್ನು ಜಿಪುಣಿ ಅನ್ನೋರು. ಚೆನ್ನಾಗಿ ಬರೆದವಳ ಮನೆಯ ಮುಂದೆ ನಿಂತು ಎರಡೆರಡು ಸಲ ಓದಿ ಹೊಗಳೋರು.

ಆ ಊರಲ್ಲಿ ಹಪ್ಪಳದಕ್ಕ ಅಂತ ಒಬ್ಬಳಿದ್ದಳು. ಅವಳ ರಂಗೋಲಿಯೇ ಊರಿಗೆಲ್ಲ ಚಂದ. ಅವಳ ಕರೆಮಾತು ‘ಬೆಂಡೇಕಾಯಿ’. ಗಡಿಗೆ ಮಾಡಿದ ದಿನ ಕುಂಬಾರಜ್ಜ ಬೆಂಡೇಕಾಯಿ ಹುಳಿ ಉಣ್ಣುತ್ತಿದ್ದನಂತೆ, ಬಾಯಿಗೆ ಬಂದದ್ದನ್ನೇ ಊದಿ ಕಳಿಸಿದ್ದ. ಹಪ್ಪಳದಕ್ಕ ಉದ್ದಿನ ಹಿಟ್ಟಿಗೆ ಇಂಗು ಹಾಕಿ, ಕಾಳುಮೆಣಸು ಕುಟ್ಟಿ ಹಾಕಿ, ಲಟ್ಟಿಸಿ, ನೆರಳಿನಲ್ಲಿ ಹರವಿ ‘ಬೆಂಡೇಕಾಯಿ’ ಅನ್ನುವಳು. ಗಾಳಿ ಬಂದು ಅವಳ ಕೆನ್ನೆ ಸವರಿ ಹಪ್ಪಳ ಒಣಗಿಸುವುದು. ಸಂಜೆ ಹೊತ್ತಿಗೆ ಅದೇ ಗಾಳಿ ಹೊಳೆಯಾಚೆಯ ಅಕ್ಕಯ್ಯನ ಮಾತು ತರುವುದು. ಒಂಟಿ ಹೆಂಗಸು. ಹಗಲಿಗೆ ಹಪ್ಪಳ, ಸಂಜೆಗೆ ಅಕ್ಕಯ್ಯ. ಅಷ್ಟೇ ಅವಳ ಬದುಕು, ಅಷ್ಟರಲ್ಲೇ ಸುಖವಾಗಿದ್ದಳು.

ಆದರೆ ಈಚೆಗೆ ಅವಳ ಗಾಳಿ ಬಡವಾಯಿತು. ಹಪ್ಪಳ ಮೂರು ದಿನವಾದರೂ ಹಸಿ ರೊಟ್ಟಿಯ ಹಾಗೆ ಜೋತುಬೀಳೋದು. ಅಕ್ಕಯ್ಯನ ಮಾತು ಅರ್ಧ ಬಂದು, ಉಳಿದರ್ಧ ಹೊಳೆಯ ಮೇಲೆಲ್ಲೋ ನಿಂತುಬಿಡೋದು.

“ಕೂಸೇ, ನಮ್ಮ ಎಮ್ಮೆ...” ಅಂದಳು ಅಕ್ಕಯ್ಯ ಒಂದು ಸಂಜೆ. ಗಾಳಿ ನಿಂತಿತು.

ಎಮ್ಮೆ ಈಯಿತೋ, ಸತ್ತಿತೋ, ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಯಿತೋ! ಹಪ್ಪಳದಕ್ಕ ಎರಡು ದಿನ ಎಮ್ಮೆಗಾಗಿ ಅತ್ತು, ಎರಡು ದಿನ ಗಿಣ್ಣಿಗಾಗಿ ನಾಲಿಗೆ ಚಪ್ಪರಿಸಿದಳು. ಯಾವುದು ಸರಿ ಅಂತ ಗೊತ್ತಾಗಲಿಲ್ಲ.

ಇದರ ಮೇಲೆ ಇನ್ನೊಂದು ಬಂತು ನೋಡಿ. ಆ ಊರಿನ ಯಜಮಾನನಿಗೆ ಹಾಡುವ ಹುಚ್ಚು. ಪ್ರತಿ ಸಂಜೆ ಜಗಲಿಯಲ್ಲಿ ನಿಂತು, ಮನೆಮನೆಯ ಕಿವಿಗೂ ತನ್ನ ಹಾಡನ್ನು ಗಾಳಿಯಲ್ಲಿ ಕಳಿಸುವನು. ಕಿವಿ ಮುಚ್ಚಿದರೆ ಮೂಗಿನಿಂದ ನುಗ್ಗುವ ಹಾಡು. ಒಂದು ಸಂಜೆ ಅವನು ಹಾಡಿ ಉಸಿರು ಬಿಡುತ್ತಿದ್ದಂತೆ ಎಲ್ಲಿಂದಲೋ ಒಂದು ಗಾಳಿ ಬಂದು, ಮೂಗು ಹಿಡಿದ ದನಿಯಲ್ಲಿ ಹೇಳಿತು:

“ಎಲೈ ಯಜಮಾನ, ಸಾಕು ಮಾಡು. ನಿನ್ನ ಹಾಡಿಗೆ ಊರ ಹಾಲೆಲ್ಲ ಒಡೆಯಿತು.”

ಮರುದಿನ: “ಕೆರೆಯ ಕಪ್ಪೆಗಳು ಗಂಟುಮೂಟೆ ಕಟ್ಟುತ್ತಿವೆ. ನೀನು ನಿಲ್ಲಿಸುತ್ತೀಯೋ, ಅವು ಹೊರಡಲೋ?”

ಮೂರನೆಯ ದಿನ: “ತಾಳ ಒಂದು ಕಡೆ, ನೀನೊಂದು ಕಡೆ. ನಡುವೆ ಸಿಕ್ಕಿದ ನಾವೇನು ಪಾಪ ಮಾಡಿದ್ದೆವು?”

ಯಜಮಾನ ಆ ಗಾಳಿಯನ್ನು ಮೂಸಿ ನೋಡಿದ. ಇಂಗು! ಗಮ್ಮೆನ್ನುವ ಇಂಗು!

ಬೆಳಗಾಗುತ್ತಲೂ ಡಂಗುರದವ ಬಂದು ಹಪ್ಪಳದಕ್ಕನ ಬಾಗಿಲಲ್ಲಿ ನಿಂತು ಬಡಿದ. “ಕೇಳಮ್ಮಾ ಕೇಳು! ನಾಡಿದ್ದು ಕಟ್ಟೆಯ ಮೇಲೆ ಪಂಚಾಯ್ತಿ. ಯಜಮಾನರ ಹಾಡನ್ನು ಹೀಯಾಳಿಸಿದ ಗಾಳಿ ನಿನ್ನ ಮನೇದು. ನಿನ್ನ ಗಡಿಗೆ ಒಡೀತಾರೆ. ಒಡೆದ ಮನೆಗೆ ಮತ್ತೆ ಗಡಿಗೆ ಇಲ್ಲ.”

“ನಾನು ಏನೂ ಅಂದಿಲ್ಲ ಕಣಪ್ಪಾ!”

“ಗಾಳಿ ನಿನ್ನದು ತಾನೇ?”

“ವಾಸನೆ ನನ್ನದು. ಬಾಯಿ ನನ್ನದಲ್ಲ.”

“ಅದೆಲ್ಲ ಕಟ್ಟೇಲಿ ಹೇಳಮ್ಮ. ನಂದು ಬಡಿಯೋ ಕೆಲಸ,” ಅಂದು ಇನ್ನೊಮ್ಮೆ ಬಡಿದು ಹೋದ.

ಹಪ್ಪಳದಕ್ಕ ಲೆಕ್ಕ ಹಾಕಿದಳು. ಹಪ್ಪಳ ಹೋದರೆ ಹೋಗಲಿ, ರೊಟ್ಟಿ ಮಾಡಿ ಬದುಕಿಯಾಳು. ಅಕ್ಕಯ್ಯನ ದನಿ ಹೋದರೆ? ಆ ಎಮ್ಮೆ ಕತೆ ಪೂರ್ತಿ ಕೇಳದೆಯೇ ಸಾಯಬೇಕೇ? ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು, ಊರ ಕೊನೆಯ ಕುಂಬಾರಜ್ಜನ ಹತ್ತಿರ ಹೋದಳು.

ಕುಂಬಾರಜ್ಜ ಜೇಡಿ ಮಣ್ಣು ತುಳಿಯುತ್ತಿದ್ದ. ಅವಳು ಎಲ್ಲ ಹೇಳಿಕೊಂಡಳು. ಅಜ್ಜ ತುಳಿಯುವುದು ನಿಲ್ಲಿಸಲಿಲ್ಲ.

“ಇವತ್ತು ಬಾಗಿಲಲ್ಲಿ ಏನು ಬರೆದೆ ಮಗಾ?”

“ಬೆಂಡೇಕಾಯಿ. ಸುತ್ತ ಎಂಟೆಸಳಿನ ತಾವರೆ.”

“ಅದನ್ನ ಯಾರು ಓದಬಹುದು?”

“ಕಣ್ಣಿದ್ದವರು.”

“ಕಣ್ಣಿಲ್ಲದವರು?”

“ಪಕ್ಕದವರು ಓದಿ ಹೇಳ್ತಾರೆ. ಒಳ್ಳೇ ಜನ.”

ಅಜ್ಜ ಈಗ ತುಳಿಯುವುದು ನಿಲ್ಲಿಸಿದ. “ಗಡಿಗೆ ತಳದಲ್ಲಿ ನಾನು ಗೀಚಿದ್ದು ಓದಿದ್ದೀಯಾ?”

“ಗಡಿಗೆ ತಳ ಯಾರು ನೋಡ್ತಾರಜ್ಜ? ಮಗುಚಿದರೆ ಗಾಳಿ ಚೆಲ್ಲಲ್ವಾ?”

“ಅಯ್ಯೋ ನನ್ನ ಹಣೆಬರಹವೇ! ಪ್ರತಿ ಗಡಿಗೆ ತಳದಲ್ಲೂ ಬರೆದು ಬರೆದು ಬೆರಳು ಸವೆಯಿತು. ‘ಮನೆಗೆ ಒಯ್ದ ದಿನವೇ ಮಾತು ಬದಲಾಯಿಸಿ, ಯಾರಿಗೂ ಹೇಳಬೇಡಿ.’ ಒಬ್ಬರೂ ಓದಲಿಲ್ಲ ಅಂತಾಯ್ತು! ನಾನು ಊದಿ ಕಳಿಸೋ ಮಾತು ಅಂಗಡಿ ಮಾತು ಕಣೇ. ಮನೆ ಮಾತು ಮನೇಲೇ ಹುಟ್ಟಬೇಕು.”

“ಮಾತು ಬಚ್ಚಿಟ್ಟರೆ ಜಿಪುಣಿ ಅಂತಾರಲ್ಲಜ್ಜ.”

“ಬಾಗಿಲಿಗೆ ಅಗಳಿ ಹಾಕ್ತೀಯಾ?”

“ಹಾಕ್ತೀನಿ.”

“ಬಂದವರಿಗೆ ನೀರು ಕೊಡ್ತೀಯಾ?”

“ಕೊಡ್ದೆ ಇರ್ತೀನಾ?”

“ಎರಡನ್ನೂ ಮಾಡೋದು ಒಂದೇ ಕೈ ತಾನೇ?” ಅಂದ ಅಜ್ಜ. ಒಳಗೆ ಹೋಗಿ ಮುಷ್ಟಿಯಷ್ಟು ದೊಡ್ಡ ಕುಡಿಕೆಯೊಂದನ್ನು ತಂದು ಅವಳ ಕೈಯಲ್ಲಿಟ್ಟ. ಅದಕ್ಕೂ ಪುಟ್ಟ ಎರಡು ಕೊಂಬು. “ಇದು ಬಂದವರ ಕುಡಿಕೆ. ಇದರ ಗಾಳಿ ಅವರಿಗೆ. ಬಾಯಿ ಬಿಗಿದರೆ ಜಗಲಿ ದಾಟಲ್ಲ, ಬಿಟ್ಟರೆ ಊರೆಲ್ಲ ಸುತ್ತುತ್ತೆ. ದೊಡ್ಡ ಗಡಿಗೆ ಗಾಳಿ ನಿನಗೆ. ಎರಡಕ್ಕೂ ಬೇರೆಬೇರೆ ಮಾತು. ದೊಡ್ಡದರ ಬೆನ್ನಲ್ಲಿ ಒಂದು ಸಣ್ಣ ತೂತಿದೆ. ಪೊರಕೆಯ ಹಿಡಿಕಡ್ಡಿ ಚುಚ್ಚಿ ಹತ್ತು ಉಸಿರು ಹಿಡಿದುಕೊ. ಹಸಿರು ಚುಕ್ಕಿ ಆರುತ್ತೆ, ಗಡಿಗೆ ಹಳೇದೆಲ್ಲ ಮರೀತದೆ. ಮರೆತ ಮೇಲೆ ಅದರ ಕಿವಿಗೆ ಬೀಳೋ ಮೊದಲನೇ ಮಾತೇ ಹೊಸ ಕರೆಮಾತು.”

“ನನ್ನ ಹೆಸರು ಇಡ್ಲಾ?”

“ಅದು ಊರಿಗೇ ಗೊತ್ತು.”

“ಅಕ್ಕಯ್ಯನ ಹೆಸರು?”

“ದಿನಾ ಸಂಜೆ ಕೂಗ್ತೀಯ, ಅದೂ ಗೊತ್ತು. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ನಾಲ್ಕು ಮಾತು ಕಟ್ಟು. ‘ಕುಂಟ ನವಿಲು, ಹುಳಿ ಮೊಸರು, ಏಣಿ, ಗುರುವಾರ’. ಹೀಗೆ.”

“ಚೆನ್ನಾಗಿದೆ, ಅದನ್ನೇ ಇಡ್ತೀನಿ.”

“ಅದು ನನಗೆ ಗೊತ್ತಾಯ್ತಲ್ಲೇ, ಪೆದ್ದೀ!”

ಮರುದಿನ ಮಧ್ಯಾಹ್ನ ಹಪ್ಪಳದಕ್ಕ ಅಟ್ಟ ಹತ್ತಿದಳು. ಹಿಡಿಕಡ್ಡಿ ಚುಚ್ಚಿದಳು. ಒಂದು ಉಸಿರು, ಎರಡು ಉಸಿರು, ಹತ್ತು ಉಸಿರು. ಹಸಿರು ಚುಕ್ಕಿ ಆರಿತು. ಬಾಯಿ ತೆರೆದಳು, ಅಷ್ಟರಲ್ಲಿ ಬೀದಿಯಲ್ಲಿ ಒಬ್ಬ ಕೂಗಿದ: “ಹಳೇ ಪಾತ್ರೆ, ಹಳೇ ಕಬ್ಬಿಣಾ...!”

ಚುಕ್ಕಿ ಮಿಣುಕಿತು. ಮುಗಿಯಿತು! ಆ ಮನುಷ್ಯ ಬೀದಿಯುದ್ದಕ್ಕೂ ಕೂಗುತ್ತ ಹೋದ ಹಾಗೆಲ್ಲ ಗಡಿಗೆ ಅವನ ಹಿಂದೆಯೇ ಗಾಳಿ ಊದಿತು. ಅವನ ಪಂಚೆ ಛತ್ರಿಯ ಹಾಗೆ ಅರಳಿತು. “ಇದ್ಯಾವ ಊರಪ್ಪಾ!” ಅಂತ ಎರಡು ಕೈಯಲ್ಲಿ ಪಂಚೆ ಅದುಮಿಕೊಂಡು ಓಡಿದವನು ಮತ್ತೆ ಆ ಕಡೆ ಬರಲಿಲ್ಲ.

ಹಪ್ಪಳದಕ್ಕ ನಗು ತಡೆದುಕೊಂಡು ಇನ್ನೊಮ್ಮೆ ಚುಚ್ಚಿದಳು. ಹತ್ತು ಉಸಿರು. ಈ ಸಲ ಗಡಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಅದರ ಬಾಯಿಗೆ ಬಾಯಿಟ್ಟು ನಾಲ್ಕು ಮಾತು ಹೇಳಿದಳು. ಏನು ಹೇಳಿದಳು ಅಂತ ನನ್ನ ಕೇಳಬೇಡಿ. ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವವಳಲ್ಲ.

ಆಮೇಲೆ ಕೆಳಗಿಳಿದು ಕುಡಿಕೆಯನ್ನು ಜಗಲಿಯಲ್ಲಿಟ್ಟಳು. ಅದಕ್ಕೆ ಹಳೆಯ ಮಾತನ್ನೇ ಊದಿದಳು, ಬೆಂಡೇಕಾಯಿ. ರಾತ್ರಿ ಊರೆಲ್ಲ ಮಲಗಿದ ಮೇಲೆ ಅದರ ಬಾಯಿ ಬಿಗಿಯಲು ಬಂದವಳು ಒಂದು ಗಳಿಗೆ ಯೋಚಿಸಿ, ಬಿಗಿಯದೆ ಬಿಟ್ಟಳು. ಒಳಗೆ ಹೋಗಿ, ಹಪ್ಪಳಕ್ಕೆಂದು ಕುಟ್ಟಿಟ್ಟಿದ್ದ ಕಾಳುಮೆಣಸಿನ ಪುಡಿಯನ್ನು ಎರಡು ಮುಷ್ಟಿ ತಂದು ಕುಡಿಕೆಯೊಳಗೆ ಸುರಿದಳು. ಇದನ್ನು ಕುಂಬಾರಜ್ಜ ಹೇಳಿಕೊಟ್ಟಿರಲಿಲ್ಲ. ಇದು ಅವಳದೇ ಬುದ್ಧಿ.

ಪಂಚಾಯ್ತಿ ದಿನ ಬೆಳಿಗ್ಗೆ ಎಂದಿನ ಹಾಗೆ ಅಂಗಳ ಸಾರಿಸಿದಳು. ತಾವರೆ ಬರೆದಳು. ಎಂಟೆಸಳು ಸಾಲದೆಂದು ಹದಿನಾರು ಬರೆದಳು. ನಡುವೆ ದಪ್ಪಕ್ಷರದಲ್ಲಿ ‘ಬೆಂಡೇಕಾಯಿ’. ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡು ಕಟ್ಟೆಯ ಕಡೆ ಹೊರಟಳು.

ಪಕ್ಕದ ಮನೆ ದಾಟುವಾಗ, “ಆಕ್ಷೀ!”

ಅದು ಮೀಸೆಯವನ ಮನೆ. ಮಿಂದು ಬಂದು ದಿನಾ ಮೀಸೆ ಒಣಗಿಸಿ ಮೇಲಕ್ಕೆ ತಿರುಗಿಸುವುದು ಅವನ ಕ್ರಮ. ಈಗ ಅವನ ಎಡಮೀಸೆ ಆಕಾಶ ನೋಡುತ್ತಿತ್ತು, ಬಲಮೀಸೆ ಪಾತಾಳ ನೋಡುತ್ತಿತ್ತು.

ಮುಂದಿನ ಮನೆ ತೊಟ್ಟಿಲ ತಾಯಿಯದು. “ಆಕ್ಷೀ! ಆಕ್ಷೀ!” ಇಷ್ಟು ದಿನ ಕೈ ನೋಯದೆ ತೊಟ್ಟಿಲು ತೂಗಿದ್ದು ಯಾರ ಗಾಳಿ ಅಂತ ಈಗ ತಿಳಿಯಿತು. ಒಳಗೆ ಕೂಸು ಅಮ್ಮನ ಸೀನು ಕೇಳಿ ಕಿಲಕಿಲ ನಗುತ್ತಿತ್ತು.

ಗಾಳಿಪಟದ ತಾತ ಮಾಳಿಗೆಯ ಮೇಲೆ ಸೀನಿದ. ಸೀಗೆಪುಡಿ ಮಾರುವವಳು ಹಿತ್ತಲಲ್ಲಿ ಸೀನಿದಳು. ಒಲೆ ಊದಲು ಸೋಮಾರಿಯಾದ ಸೊಸೆ ಸೀನಿದಳು. ಸೊಸೆ ಸೋಮಾರಿ ಅಂತ ಊರೆಲ್ಲ ಸಾರಲು ಹೊರಟ ಅತ್ತೆಯೂ ಸೀನಿದಳು. ಇಡೀ ಬೀದಿ ಸೀನುತ್ತಿತ್ತು. ಹಪ್ಪಳದಕ್ಕನಿಗೆ ಸಿಟ್ಟು ಬಂತು, ಸಂಕಟ ಬಂತು, ಆಮೇಲೆ ನಗು ಬಂತು. ಇಷ್ಟು ಜನರನ್ನು ಹೊತ್ತು ತಿರುಗಿದೆಯಲ್ಲ, ಪಾಪ ಅಂತ ಗಡಿಗೆಯ ಬೆನ್ನು ಸವರಿದಳು.

ಕಟ್ಟೆಯ ಮೇಲೆ ಯಜಮಾನ ಪೇಟ ಸುತ್ತಿ ಕೂತಿದ್ದ. ಪಕ್ಕದಲ್ಲಿ ಒಡೆಯುವ ಒನಕೆ. ಹೆಂಗಸರ ಸಾಲಿನ ಮೊದಲಲ್ಲಿ ಯಜಮಾನಿತಿ, ಮೂಗಿಗೆ ಸೆರಗು ಒತ್ತಿಕೊಂಡು.

“ಹಪ್ಪಳದಕ್ಕಾ, ಗಡಿಗೆ ಇಳಿಸು,” ಅಂದ ಯಜಮಾನ. “ಹೇಳೋದೇನಾದ್ರೂ ಉಂಟಾ?”

“ಪಂಚಾಯ್ತಿ ಶುರುವಾಗೋ ಮುಂಚೆ ನೀವು ಹಾಡಬೇಕಲ್ವೇ ಯಜಮಾನರೇ? ಕ್ರಮ ತಪ್ಪಬಾರದು. ನೀವು ಹಾಡಿ, ನಾನು ಕೇಳ್ತೀನಿ, ಆಮೇಲೆ ಒಡೆಸಿಕೊಳ್ತೀನಿ.”

ಅದುವರೆಗೆ ಅವನ ಹಾಡನ್ನು ಯಾರೂ ಕೇಳಿ ಹಾಡಿಸಿರಲಿಲ್ಲ. ಯಜಮಾನನ ಮುಖ ಅರಳಿತು. ಎದ್ದು ನಿಂತ, ಗಂಟಲು ಸರಿಮಾಡಿಕೊಂಡ. ಊರ ಮೂಲೆಮೂಲೆಗೂ ಹಾಡು ಮುಟ್ಟಬೇಕಲ್ಲ, ಅದಕ್ಕೆ ಕಣ್ಣು ಮುಚ್ಚಿ, ತುಟಿ ಅಲುಗಿದರೂ ಅಲುಗದ ಹಾಗೆ ಒಂದು ಮಾತು ಗೊಣಗಿಕೊಂಡ. ಗಾಳಿ ಬಂತು. ಮೊದಲು ಮುಖ ಸವರಿತು.

“ಆ... ಆ...” ಅಂದ ಯಜಮಾನ. ಜನ ಆಲಾಪ ಅಂದುಕೊಂಡರು. “ಆ... ಆಕ್ಷೀ!”

ಪೇಟ ಹಾರಿ ಡಂಗುರದವನ ತಲೆಯ ಮೇಲೆ ಕೂತಿತು. ಆಕ್ಷೀ! ಶಾಲು ಹೋಯಿತು. ಆಕ್ಷೀ! ಒನಕೆ ಉರುಳಿ ಕಟ್ಟೆಯಿಂದ ಕೆಳಗೆ ಬಿತ್ತು. ಏಳು ಸೀನು ಸೀನಿ, ಕಣ್ಣು ಮೂಗು ಒಂದು ಮಾಡಿಕೊಂಡು ಯಜಮಾನ ಕಟ್ಟೆಯ ಮೇಲೆ ಕೂತುಬಿಟ್ಟ.

ಹಪ್ಪಳದಕ್ಕ ಮೆಲ್ಲಗೆ ಕೇಳಿದಳು, “ಯಜಮಾನರೇ, ನಿಮ್ಮ ಬಾಗಿಲ ರಂಗೋಲಿಯಲ್ಲಿ ‘ಗಜರಾಜ’ ಅಂತಿದೆ. ಈಗ ತಾವು ಅಂದದ್ದು ಯಾವ ಮಾತು?”

“ಅದು... ನನ್ನ ಗಡಿಗೆ ಗಾಳಿ ಒಳ್ಳೆ ಕೆಲಸಕ್ಕೆ ಅಂತ ಎತ್ತಿಟ್ಟಿರ್ತೀನಿ.”

“ಅಂದರೆ ಹಾಡು ಒಳ್ಳೆ ಕೆಲಸ ಅಲ್ಲ ಅಂತ ಅವರಿಗೂ ಗೊತ್ತು ಬಿಡಿ!” ಅಂತ ಹೆಂಗಸರ ಸಾಲಿಂದ ಯಾರೋ ಅಂದರು.

“ಹಾಗಾದರೆ ಇಷ್ಟು ದಿನ ಹಾಡಿಗೂ ಇಂಗಿನ ವಾಸನೆ ಇರಬೇಕಲ್ಲ!” ಅಂದ ಮೀಸೆಯವ, ಒಂದು ಕೈಯಲ್ಲಿ ಬಲಮೀಸೆ ಎತ್ತಿ ಹಿಡಿದುಕೊಂಡು. “ನಮಗೆ ಯಾಕೆ ಗೊತ್ತಾಗಲಿಲ್ಲ?”

“ಯಜಮಾನರ ಹಾಡನ್ನ ಮೂಸಿ ನೋಡೋ ಧೈರ್ಯ ಯಾರಿಗಿತ್ತಪ್ಪ?” ಅಂದಳು ತೊಟ್ಟಿಲ ತಾಯಿ. “ಮುಗಿದರೆ ಸಾಕು ಅಂತಿದ್ವಿ.”

ಯಜಮಾನ ಮೂಗೊರೆಸಿಕೊಂಡ. “ಅದಿರಲಿ! ನನ್ನ ಬೈದದ್ದು ಯಾರು? ನನ್ನ ಹಾಡನ್ನ ನಾನೇ ಬೈಕೊಂಡೆನಾ?”

“ಬೆಂಡೇಕಾಯಿ ಅಂತ ಓದಬಲ್ಲವರು ಯಾರು ಬೇಕಾದರೂ ಆಗಬಹುದು,” ಅಂದಳು ಹಪ್ಪಳದಕ್ಕ. “ಗಡಿಗೆಗೆ ಮುಖ ಗೊತ್ತಿಲ್ಲ, ಮಾತು ಗೊತ್ತು. ಆ ಮಾತನ್ನ ಬೀದೀಲಿ ಬರೆದದ್ದು ನಾನೇ, ಆ ತಪ್ಪು ಒಪ್ಪಿಕೊಳ್ತೀನಿ. ಅದಕ್ಕೆ ಗಡಿಗೆ ಒಡೆಯೋದಾದರೆ, ಈ ಊರಲ್ಲಿ ಬರೆಯದವರ ಗಡಿಗೆ ಒಂದನ್ನ ತೋರಿಸಿ, ಅದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಒಡೆಯಿರಿ.”

ಎಲ್ಲರೂ ತಮ್ಮ ತಮ್ಮ ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಯಜಮಾನಿತಿಯ ಸೆರಗು ಜಾರಿತು. ಅವಳ ಮೂಗು ಆಗಲೇ ತೊಂಡೆಹಣ್ಣಿನ ಹಾಗೆ ಕೆಂಪಾಗಿತ್ತು. ಯಜಮಾನ ಬೆಳಿಗ್ಗೆ ಎದ್ದು ಮನೆಯಲ್ಲಿ ಹಾಡು ಕಲಿಯುತ್ತಿದ್ದಾಗಲೇ ಯಾರೋ ಅವನನ್ನು ಬೈಯಲು ಗಾಳಿ ಕರೆದಿರಬೇಕು, ಕರೆದವರ ಮುಖಕ್ಕೆ ಮೊದಲು ಮೆಣಸು ಬಡಿದಿರಬೇಕು. ಹಪ್ಪಳದಕ್ಕ ನೋಡಿದಳು. ಅವಳು ನೋಡಿದ್ದನ್ನು ಯಜಮಾನಿತಿ ನೋಡಿದಳು. ಮೂವತ್ತು ವರ್ಷ ಆ ಹಾಡಿನ ಜೊತೆ ಒಂದೇ ಸೂರಿನ ಕೆಳಗೆ ಬಾಳಿದ ಹೆಂಗಸು! ಹಪ್ಪಳದಕ್ಕನ ಮನಸ್ಸು ಕರಗಿತು. ತನ್ನ ಕಣ್ಣನ್ನು ಮೆಲ್ಲಗೆ ಗಡಿಗೆಯ ಕಡೆ ತಿರುಗಿಸಿಕೊಂಡಳು, ಮಾತು ನುಂಗಿದಳು.

ಯಜಮಾನ ಎದ್ದು, ಡಂಗುರದವನ ತಲೆಯಿಂದ ಪೇಟ ಇಳಿಸಿಕೊಂಡು, “ಊರನ್ನ ಪರೀಕ್ಷೆ ಮಾಡೋಕೆ ನಾನೇ ಹೀಗೆಲ್ಲ ಮಾಡಿದ್ದು. ಇವತ್ತಿನಿಂದ ಯಾರೂ ಬಾಗಿಲಲ್ಲಿ ಕರೆಮಾತು ಬರೆಯಕೂಡದು,” ಅಂದ. ಎಲ್ಲರೂ ನಂಬಿದ ಹಾಗೆ ತಲೆಯಾಡಿಸಿದರು.

ಊರೆಲ್ಲ ಹಿಡಿಕಡ್ಡಿ ಹಿಡಿದು ಅಟ್ಟ ಹತ್ತಿತು. ಮೀಸೆಯವನ ಹೊಸ ಮಾತು ‘ಮೀಸೆ’ ಅಂತ ಮಧ್ಯಾಹ್ನದೊಳಗೆ ಎಲ್ಲರಿಗೂ ತಿಳಿದುಹೋಯಿತು. ಮೂರು ಮನೆಯವರು ಬಹಳ ಯೋಚಿಸಿ ‘ಗುಟ್ಟು’ ಅಂತಲೇ ಇಟ್ಟುಕೊಂಡರು. ಗಾಳಿಪಟದ ತಾತ ಎಷ್ಟು ಒಳ್ಳೆಯ ಮಾತು ಕಟ್ಟಿದನೆಂದರೆ ಇಳಿಯುವಾಗಲೇ ಮರೆತು, ಎರಡು ದಿನ ಅಟ್ಟದಲ್ಲಿ ಕೂತು ತರಕಾರಿ, ನೆಂಟರು, ನಕ್ಷತ್ರ ಎಲ್ಲದರ ಹೆಸರೂ ಹೇಳಿದ. ಯಜಮಾನ ಮಾತ್ರ ಹಪ್ಪಳದಕ್ಕನನ್ನೇ ಕೇಳಿ, ಕುಂಬಾರಜ್ಜ ಹೇಳಿದ ಕ್ರಮದಲ್ಲಿ ನಾಲ್ಕು ಮಾತಿನ ಭಾರಿ ಗಟ್ಟಿ ಕರೆಮಾತು ಕಟ್ಟಿದ. ಅದು ಅವನಿಗೆ ಎಷ್ಟು ಹಿಡಿಸಿತೆಂದರೆ, ಅಂದು ಸಂಜೆಯೇ ಅದಕ್ಕೆ ರಾಗ ಹಾಕಿ ಊರಿಗೆಲ್ಲ ಹಾಡಿದ.

ಕುಡಿಕೆಯನ್ನು ಹಪ್ಪಳದಕ್ಕ ಚೆನ್ನಾಗಿ ತೊಳೆದು, ಹೊಸ ಮಾತು ಊದಿ, ಬಾಯಿ ಬಿಗಿದು ಜಗಲಿಯಲ್ಲೇ ಇಟ್ಟಳು. ತೊಟ್ಟಿಲ ತಾಯಿ ಬಂದು ಕೇಳಿದಳು, ಅವಳ ಕಿವಿಯಲ್ಲಿ ಹೇಳಿದಳು. ಮರುದಿನವೇ ಯಜಮಾನಿತಿಯೂ ಬಂದಳು, ಒಂದು ಬಟ್ಟಲು ಗೊಜ್ಜು ಹಿಡಿದುಕೊಂಡು.

“ಕುಡಿಕೆ ಗಾಳಿಗೆ ಈಗಲೂ ಇಂಗಿನ ವಾಸನೆ ಇದೆಯೇನೇ?”

“ಇದೆ ಅಮ್ಮಾವರೇ. ಜಗಲಿ ದಾಟಲ್ಲ ಅಷ್ಟೇ.”

“ಹೋಗಲಿ ಬಿಡು,” ಅಂದು ನಕ್ಕಳು. “ನಿನ್ನೆ ಎದುರಿಗೇ ಹೇಳಿಬಿಟ್ಟೆ. ಮೂವತ್ತು ವರ್ಷದ ಮೇಲೆ ಮೂಗು ಹಿಡಿಯದೆ ಮಾತಾಡಿದೆ ನೋಡು.”

“ಏನಂದರು?”

“ಶ್ರುತಿ ಸರಿಯಿಲ್ಲವೇನೋ ಅಂದರು. ಸರಿಮಾಡಿಕೊಳ್ತಾ ಇದಾರೆ. ಇನ್ನೂ ಗಟ್ಟಿಯಾಗಿ.”

ಅವಳು ಹೋದ ಮೇಲೆ ಹಪ್ಪಳದಕ್ಕ ಕಂಬಳಿಯೊಳಗೆ ತಲೆ ಹಾಕಿ ತನ್ನ ನಾಲ್ಕು ಮಾತು ಹೇಳಿದಳು. ಗಾಳಿ ಎದ್ದಿತು. ಕೆನ್ನೆ ಸವರಿತು. ಎಷ್ಟು ತಿಂಗಳಿಗೆ ಅಂಥಾ ತುಂಬಿದ ಗಾಳಿ! ನೆರಳಲ್ಲಿ ಹಪ್ಪಳ ಸರಸರ ಅಂದವು. ಹೊಳೆಯಾಚೆಯಿಂದ ದನಿ ಬಂತು, ಪಕ್ಕದಲ್ಲೇ ಕೂತು ಹೇಳಿದ ಹಾಗೆ.

“ಕೂಸೇ, ಕೇಳಿಸ್ತಾ? ನಮ್ಮ ಎಮ್ಮೆ ಅವಳಿ ಈಯಿತು ಕಣೇ! ಆವತ್ತಿಂದ ಹೇಳ್ತಾನೇ ಇದೀನಿ!”

ಹಪ್ಪಳದಕ್ಕ ಅತ್ತಳು, ನಕ್ಕಳು, ಗಿಣ್ಣಿಗೆ ಕೂಡಾ ಬಾಯಿ ಚಪ್ಪರಿಸಿದಳು. ಆಮೇಲೆ ನಡೆದದ್ದೆಲ್ಲ ಹೇಳಿದಳು. ಅಕ್ಕಯ್ಯ ಬಿದ್ದು ಬಿದ್ದು ನಕ್ಕಳು.

“ಅದಿರಲಿ, ಹೊಸ ಮಾತು ಏನಿಟ್ಟೆ? ನಂಗೂ ಹೇಳೇ.”

ಹಪ್ಪಳದಕ್ಕ ಬಾಯಿ ತೆರೆದಳು. ನಾಲ್ಕು ಮಾತೂ ನಾಲಿಗೆಯ ತುದಿಗೆ ಬಂದು ನಿಂತವು. ಬೀದಿಯ ಕಡೆ ನೋಡಿದಳು, ಗಾಳಿಯ ಕಡೆ ನೋಡಿದಳು, ಬಾಯಿ ಮುಚ್ಚಿದಳು.

“ಅದನ್ನ ಗಾಳೀಲಿ ಹೇಳೋ ಹಾಗಿಲ್ಲ ಅಕ್ಕಯ್ಯಾ. ಕಿವೀಲೇ ಹೇಳಬೇಕು.”

“ಅಂದ್ರೆ ಅದಕ್ಕೋಸ್ಕರ ನಾನು ಹೊಳೆ ದಾಟಿ ಬರಬೇಕಾ? ಹನ್ನೆರಡು ವರ್ಷ ಆಯ್ತಲ್ಲೇ ಆ ಕಡೆ ಕಾಲಿಟ್ಟು!”

“ಬಾ. ಹಪ್ಪಳ ಸುಡ್ತೀನಿ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಗಾಳಿ ನಿಂತಿತೇನೋ ಅಂತ ಹಪ್ಪಳದಕ್ಕ ಹೆದರಿದಳು. ಗಾಳಿ ನಿಂತಿರಲಿಲ್ಲ. ಅಕ್ಕಯ್ಯ ಚಪ್ಪಲಿ ಹುಡುಕುತ್ತಿದ್ದಳು.